ಮಂಜು ಬಿಟ್ಟರೆ ಪಾಂಗ್ನಿರ್ಟಂಗ್

ಕೆನಡಾದ ರಾಜಧಾನಿ ಒಟ್ಟಾವಾದ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ನನಗೆ ಕೆಲಸ. ರಕ್ತದ ಮಾದರಿಗಳ ಜೊತೆ ಬರುವ ಚೀಟಿಗಳಲ್ಲಿ ರೋಗಿಯ ಊರಿನ ಹೆಸರಿರುತ್ತದೆ. ಸುತ್ತಮುತ್ತಲ ಊರುಗಳ ನಡುವೆ ಆಗಾಗ ದೂರದ ಉತ್ತರದ ಇಕಾಲುಯಿಟ್, ಕ್ಲೈಡ್ ರಿವರ್, ಪಾಂಗ್ನಿರ್ಟಂಗ್ ಎಂಬ ಹೆಸರುಗಳು ಕಾಣುತ್ತವೆ. ಎಷ್ಟೋ ವರ್ಷ ಅವನ್ನು ಓದಿ ಪಕ್ಕಕ್ಕಿಟ್ಟಿದ್ದೆ. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಭೂಪಟ ತೆರೆದು ಅಳೆದೆ. ಒಟ್ಟಾವಾದಿಂದ ಪಾಂಗ್ನಿರ್ಟಂಗ್‌ಗೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 2,400 ಕಿಲೋಮೀಟರು. ಬೆಂಗಳೂರಿನಿಂದ ಲಡಾಖಿನ ಲೇಹ್‌ಗೆ ಗೆರೆ ಎಳೆದರೂ ಹೆಚ್ಚುಕಡಿಮೆ ಇಷ್ಟೇ. ಆದರೆ ಲೇಹ್‌ಗೆ ರಸ್ತೆಯಿದೆ.

ನಾನು ಹುಟ್ಟಿದ್ದು ಶರಾವತಿ ಹಿನ್ನೀರಿನ ಆಚೆ ದಡದಲ್ಲಿ, ತುಮರಿಯ ಹತ್ತಿರ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಮ್ಮ ಹಳ್ಳಿಗಳನ್ನು ಸಾಗರ ಪಟ್ಟಣದಿಂದ ಬೇರೆ ಮಾಡಿದ ಮೇಲೆ ಪೇಟೆಗೆ ಹೋಗಬೇಕಾದರೆ ಕಳಸವಳ್ಳಿಯಲ್ಲಿ ಲಾಂಚ್ ಹತ್ತಿ ಅಂಬಾರಗೋಡ್ಲಿನಲ್ಲಿ ಇಳಿಯಬೇಕಿತ್ತು. ಸಂಜೆ ಲಾಂಚ್ ನಿಂತರೆ ಬೆಳಗಿನವರೆಗೆ ಆಚೆ ದಡ ಇಲ್ಲವೆಂದೇ ಲೆಕ್ಕ. ಅಂಥ ಊರಿನಲ್ಲಿ ಬೆಳೆದವಳಿಗೆ ಆ ಚೀಟಿಯ ಹೆಸರುಗಳು ಸುಮ್ಮನೆ ಬಿಡಲಿಲ್ಲ. ಜೂನ್ ಕೊನೆಯ ವಾರ ರಜೆ ಹಾಕಿ ಹೊರಟೆ.

ಮೊದಲ ದಿನ

ಒಟ್ಟಾವಾದಿಂದ ಇಕಾಲುಯಿಟ್‌ಗೆ ಸುಮಾರು 2,100 ಕಿಲೋಮೀಟರು, ಮೂರು ಗಂಟೆಯ ಹಾರಾಟ. ಟಿಕೆಟ್ ದುಬಾರಿ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಸಾಮಾನು ಒಪ್ಪಿಸುವ ಸಾಲಿನಲ್ಲಿ ಸೂಟ್‌ಕೇಸುಗಳಿಗಿಂತ ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಗಳೇ ಹೆಚ್ಚಿದ್ದವು. ಅಂಟುಪಟ್ಟಿ ಬಿಗಿದು ಸುತ್ತಿದ ಆ ಪೆಟ್ಟಿಗೆಗಳೊಳಗೆ ಸೇಬು, ದ್ರಾಕ್ಷಿ, ಮಗುವಿನ ಡೈಪರ್, ಹಿಟ್ಟಿನ ಚೀಲ. ಊರಿನಿಂದ ವಾಪಸಾಗುವಾಗ ಅಮ್ಮ ಕಟ್ಟಿಕೊಡುತ್ತಿದ್ದ ಹಪ್ಪಳ, ಉಪ್ಪಿನಕಾಯಿಗಳ ಗಂಟು ನೆನಪಾಯಿತು. ಇಲ್ಲಿ ಗಂಟು ಪೇಟೆಯಿಂದ ಹಳ್ಳಿಗೆ ಹೋಗುತ್ತಿತ್ತು.

ಪಕ್ಕದ ಸೀಟುಗಳಲ್ಲಿ ಕಪ್ಪು ಕನ್ನಡಕದ ಅಜ್ಜಿ ಮತ್ತು ಹನ್ನೆರಡರ ಮೊಮ್ಮಗಳು. "ಇಕಾಲುಯಿಟ್‌ಗಿಂತ ಮುಂದಕ್ಕೂ ಹೋಗುತ್ತೀರಾ?" ಎಂದು ಹುಡುಗಿಯನ್ನು ಕೇಳಿದೆ. ಅವಳು ಹುಬ್ಬು ಏರಿಸಿ ನನ್ನನ್ನೇ ನೋಡಿದಳು. ಪ್ರಶ್ನೆ ಕೇಳಿಸಲಿಲ್ಲವೇನೋ ಎಂದು ಮತ್ತೆ ಕೇಳಿದೆ. ಮತ್ತೆ ಹುಬ್ಬು ಏರಿತು. ಅಜ್ಜಿ ನಕ್ಕರು. ಹುಬ್ಬೇರಿಸಿದರೆ 'ಹೌದು', ಮೂಗು ಸುಕ್ಕು ಮಾಡಿದರೆ 'ಇಲ್ಲ'. ಈ ಉತ್ತರದ ಮೂಲನಿವಾಸಿಗಳಾದ ಇನುಯಿಟ್ ಜನರೊಡನೆ ಮಾತಾಡುವವರು ಮೊದಲು ಕಲಿಯಬೇಕಾದ ಪಾಠ ಇದೇ. ಮಾತಿಗಾಗಿ ಕಾಯುತ್ತ ಕುಳಿತರೆ ಉತ್ತರ ಮುಖದ ಮೇಲೆಯೇ ಬಂದು ಹೋಗಿರುತ್ತದೆ.

ಅವರು ಪಾಂಗ್ನಿರ್ಟಂಗ್‌ನವರು. ಊರಿನವರು ಅದನ್ನು ಪ್ಯಾಂಗ್ ಎನ್ನುತ್ತಾರೆ. ಅಜ್ಜಿಗೆ ಒಟ್ಟಾವಾದಲ್ಲಿ ಕಣ್ಣಿನ ಹಿಂಪರದೆಯ (ರೆಟಿನಾ) ಶಸ್ತ್ರಚಿಕಿತ್ಸೆಯಾಗಿತ್ತು. ಅಂಥ ಚಿಕಿತ್ಸೆಯಲ್ಲಿ ಕೆಲವೊಮ್ಮೆ ಕಣ್ಣಿನೊಳಗೆ ಅನಿಲದ ಗುಳ್ಳೆ ತುಂಬುತ್ತಾರೆ. ಅದು ತಾನಾಗಿ ಕರಗುವವರೆಗೆ ವಿಮಾನ ಹತ್ತುವಂತಿಲ್ಲ, ಎತ್ತರದಲ್ಲಿ ಗುಳ್ಳೆ ಹಿಗ್ಗಿದರೆ ದೃಷ್ಟಿಯೇ ಹೋಗಬಹುದು. ನಗರದ ರೋಗಿಗೆ ಇದು ಒಂದು ಸಾಲಿನ ಸೂಚನೆ. ವಿಮಾನ ಬಿಟ್ಟರೆ ಮನೆಗೆ ಬೇರೆ ದಾರಿಯೇ ಇಲ್ಲದ ಈ ಅಜ್ಜಿ ಆರು ವಾರ ಒಟ್ಟಾವಾದ ಸೆಕೆಯಲ್ಲಿ, ಪರಕೀಯ ಅಡುಗೆಯಲ್ಲಿ ದಿನ ಎಣಿಸಿದ್ದರು.

ಕಿಟಕಿಯ ಕೆಳಗೆ ಮೊದಲ ಒಂದೂವರೆ ಗಂಟೆ ಕಾಡು ಮತ್ತು ಕೆರೆ. ಆಮೇಲೆ ಕಾಡು ತೆಳ್ಳಗಾಗುತ್ತ ಬಂದು ಮರಗಳೇ ಮುಗಿದುಹೋದವು. ಉಳಿದದ್ದು ಬಂಡೆ, ಅಲ್ಲಲ್ಲಿ ಹಳೆಯ ಹಿಮ. ಹಡ್ಸನ್ ಜಲಸಂಧಿಯ ಮೇಲೆ ಒಡೆದ ಮಂಜುಗಡ್ಡೆ ಹರಿದ ಕಾಗದದ ಚೂರುಗಳಂತೆ ತೇಲುತ್ತಿತ್ತು. ಅಜ್ಜಿ ಕನ್ನಡಕ ತೆಗೆದು ಕಿಟಕಿಗೆ ಮುಖ ಹಚ್ಚಿದವರು ಇಳಿಯುವವರೆಗೆ ತಿರುಗಲಿಲ್ಲ.

ಎರಡನೆಯ ದಿನ

ಇಕಾಲುಯಿಟ್ ಎಂದರೆ ಮೀನುಗಳಿರುವ ಜಾಗ. ನುನಾವುಟ್ ಪ್ರಾಂತ್ಯದ ರಾಜಧಾನಿ. 1999ರ ಏಪ್ರಿಲ್ 1ರಂದು ಹುಟ್ಟಿದ ಈ ಪ್ರಾಂತ್ಯದಲ್ಲಿ 25 ಊರುಗಳಿವೆ. ಒಂದಕ್ಕೂ ಹೊರಜಗತ್ತಿನಿಂದ ರಸ್ತೆಯಿಲ್ಲ. ಈ ಊರು ಇರುವ ಬ್ಯಾಫಿನ್ ದ್ವೀಪವೊಂದೇ ಕರ್ನಾಟಕದ ಎರಡೂವರೆ ಪಟ್ಟಿಗಿಂತ ದೊಡ್ಡದು. ಇಷ್ಟು ದೊಡ್ಡ ನೆಲದ ರಾಜಧಾನಿಯಲ್ಲಿ ಏಳು ಸಾವಿರದ ಚಿಲ್ಲರೆ ಜನ.

ಊರು ಹುಟ್ಟಿದ್ದೇ ವಿಮಾನಕ್ಕಾಗಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಯುರೋಪಿಗೆ ವಿಮಾನ ಸಾಗಿಸಲು ಅಮೆರಿಕದ ಸೈನ್ಯ ಇಲ್ಲಿ ರನ್‌ವೇ ಕಟ್ಟಿತು. ಆ ರನ್‌ವೇ ಎಷ್ಟು ಉದ್ದವೆಂದರೆ 2006ರಲ್ಲಿ ಏರ್‌ಬಸ್ ಎ380ನ್ನು ಚಳಿಯ ಪರೀಕ್ಷೆಗೆ ತಂದದ್ದು ಇಲ್ಲಿಗೇ. ಜಗತ್ತಿನ ಅತಿ ದೊಡ್ಡ ಪ್ರಯಾಣಿಕ ವಿಮಾನ ಇಳಿಯಬಲ್ಲ ಊರಿಗೆ ಒಂದು ಬಸ್ಸು ಹೊರಗಿನಿಂದ ಬರಲಾರದು ಎಂಬುದನ್ನು ಅರಗಿಸಿಕೊಳ್ಳಲು ನನಗೆ ಹೊತ್ತು ಬೇಕಾಯಿತು.

ಬೆಳಿಗ್ಗೆ ಅಂಗಡಿಗೆ ಹೋದೆ. ಹಾಲು, ಕಿತ್ತಳೆ, ಟೊಮೇಟೊ ಮುಂದೆ ನಿಂತು ಬೆಲೆ ಓದುತ್ತ ಸಾಗಿದೆ. ಬಹಳಷ್ಟಕ್ಕೆ ಒಟ್ಟಾವಾದ ಎರಡರಷ್ಟು, ಕೆಲವಕ್ಕೆ ಇನ್ನೂ ಹೆಚ್ಚು. ಕೇಂದ್ರ ಸರ್ಕಾರದ ಸಹಾಯಧನ ಇದ್ದೂ ಈ ಬೆಲೆ. ಅಕ್ಕಿ, ಎಣ್ಣೆ, ಪೀಠೋಪಕರಣ, ಕಾರು ಬೇಸಿಗೆಯ ಹಡಗಿನಲ್ಲಿ ಬರುತ್ತವೆ. ಬೇಗ ಕೆಡುವುದೆಲ್ಲ ವಿಮಾನದಲ್ಲಿ. ಚಳಿಗಾಲದಲ್ಲಿ ಬಿರುಗಾಳಿ ಎದ್ದು ವಿಮಾನ ನಿಂತರೆ ತರಕಾರಿಯ ಕಪಾಟು ಬರಿದಾಗುತ್ತದೆ ಎಂದು ಸಾಲಿನಲ್ಲಿ ನನ್ನ ಹಿಂದಿದ್ದ ಶಿಕ್ಷಕಿಯೊಬ್ಬರು ಹೇಳಿದರು. ನಾನು ಅವಲಕ್ಕಿ, ಚಟ್ನಿಪುಡಿ, ಒಣ ಕೊಬ್ಬರಿ ತಂದದ್ದು ಒಳ್ಳೆಯದಾಯಿತು. ಈ ಕಡೆ ಬರುವವರು ನಾಲ್ಕು ದಿನಕ್ಕಾಗುವಷ್ಟನ್ನಾದರೂ ಚೀಲದಲ್ಲಿಟ್ಟುಕೊಳ್ಳಬೇಕು. ಕಾಸು ಉಳಿಯುವುದಷ್ಟೇ ಅಲ್ಲ, ಇಲ್ಲಿಯವರ ಕಪಾಟಿನಿಂದ ನಾವು ಎತ್ತಿಕೊಳ್ಳುವುದೂ ಕಡಿಮೆಯಾಗುತ್ತದೆ.

ಮನೆಗಳೆಲ್ಲ ಕಂಬಗಳ ಮೇಲೆ ನಿಂತಿವೆ. ನೆಲದೊಳಗೆ ಎಂದೂ ಕರಗದ ಮಂಜಿದೆ. ಮನೆಯ ಬಿಸಿ ತಾಗಿ ಅದು ಕರಗಿದರೆ ಗೋಡೆ ಬಿರಿಯುತ್ತದೆ. ಬಹಳ ಮನೆಗಳಿಗೆ ಕೊಳವೆಯಿಲ್ಲ, ನೀರಿನ ಲಾರಿ ಬಂದು ತೊಟ್ಟಿ ತುಂಬಿಸಿ ಹೋಗುತ್ತದೆ, ಕೊಳೆನೀರಿಗೆ ಇನ್ನೊಂದು ಲಾರಿ.

ಮಧ್ಯಾಹ್ನ ಏಪೆಕ್ಸ್ ಎಂಬ ಹಳೆಯ ಕೇರಿಗೆ ಐದು ಕಿಲೋಮೀಟರು ನಡೆದೆ. ಗಾಳಿ ಕಿವಿ ಕತ್ತರಿಸುವಂತಿತ್ತು, ಉಷ್ಣಾಂಶ 4 ಡಿಗ್ರಿ. ದಡದಲ್ಲಿ ಹಿಂದೆ ತುಪ್ಪಳದ ವ್ಯಾಪಾರ ನಡೆಸುತ್ತಿದ್ದ ಹಡ್ಸನ್ ಬೇ ಕಂಪನಿಯ ಕೆಂಪು ಮಾಡಿನ ಬಿಳಿ ಕಟ್ಟಡಗಳು. ಸಮುದ್ರ ಬಹು ದೂರ ಹಿಂದೆ ಸರಿದು ಮಂಜುಗಡ್ಡೆಯ ದೊಡ್ಡ ತುಂಡುಗಳನ್ನು ಕೆಸರಿನಲ್ಲಿ ಬಿಟ್ಟುಹೋಗಿತ್ತು. ಅವುಗಳಲ್ಲಿ ಒಂದನ್ನು ಮುಟ್ಟುವ ಆಸೆಯಿಂದ ಕೆಳಗಿಳಿದೆ. ಈ ಕೊಲ್ಲಿಯ ಉಬ್ಬರ ಇಳಿತದ ಅಂತರ ಹತ್ತು ಮೀಟರಿಗೂ ಮೀರುತ್ತದೆ, ಅಂದರೆ ಮೂರು ಅಂತಸ್ತಿನ ಮನೆಯಷ್ಟು. ನಾನು ಮಂಜುಗಡ್ಡೆಯ ನೀಲಿಯನ್ನು ನೋಡುತ್ತ ನಿಂತಿರುವಾಗ ಹಿಂದಿನ ತಗ್ಗಿನಲ್ಲಿ ನೀರು ತುಂಬಿತು. ದಡದಿಂದ ಯಾರೋ ಕೂಗಿದರು. ಮೊಣಕಾಲುವರೆಗಿನ ನೀರಿನಲ್ಲಿ ಓಡಿಬಂದೆ. ಕೂಗಿದವನು ಒಂದು ಮಾತೂ ಗದರದೆ ತನ್ನ ಟ್ರಕ್ಕಿನಲ್ಲಿ ಕೂರಿಸಿಕೊಂಡು, ಹೀಟರನ್ನು ನನ್ನ ಕಾಲಿನ ಕಡೆಗೆ ತಿರುಗಿಸಿ ವಸತಿಗೃಹಕ್ಕೆ ಬಿಟ್ಟ. 'ಕುಯನ್ನಮೀಕ್' ಎಂದೆ, ಕಲಿತಿದ್ದ ಒಂದೇ ಮಾತು, ಧನ್ಯವಾದ ಎಂದರ್ಥ. ಅವನು ಹುಬ್ಬೇರಿಸಿದ.

ಮೂರನೆಯ ದಿನ

ಒದ್ದೆ ಬೂಟು ರಾತ್ರಿಯಿಡೀ ಹೀಟರಿನ ಮೇಲಿದ್ದರೂ ಒಣಗಿರಲಿಲ್ಲ. ಅದನ್ನೇ ಹಾಕಿಕೊಂಡು ವಿಮಾನ ನಿಲ್ದಾಣಕ್ಕೆ ಹೋದರೆ ಅಜ್ಜಿ, ಮೊಮ್ಮಗಳು ಅಲ್ಲಿದ್ದರು. ಅಜ್ಜಿಯ ಪಕ್ಕದಲ್ಲಿ ಚಿಕ್ಕ ವಯಸ್ಸಿನ ತಾಯಿಯೊಬ್ಬಳು. ಅವಳು ತೊಟ್ಟ ಅಮೌಟಿ ಎಂಬ ನಿಲುವಂಗಿಯ ಬೆನ್ನಿನ ಚೀಲದಲ್ಲಿ ಎಂಟು ದಿನದ ಕೂಸು ಮಲಗಿತ್ತು. ಪ್ಯಾಂಗ್‌ನಲ್ಲಿ ಆರೋಗ್ಯ ಕೇಂದ್ರವಿದೆ, ದಾದಿಯರಿದ್ದಾರೆ. ಹೆರಿಗೆಗೆ ಮಾತ್ರ ಕೆಲವು ವಾರ ಮೊದಲೇ ಇಕಾಲುಯಿಟ್‌ಗೆ ಹಾರಿ ಬಂದು ಕಾಯಬೇಕು. ತೊಡಕಿದ್ದರೆ ಒಟ್ಟಾವಾ. ಈ ತಾಯಿ ಬಂದು ಐದು ವಾರವಾಗಿತ್ತು. ಮಗುವಿನ ಅಪ್ಪ ಇನ್ನೂ ಮಗುವನ್ನು ನೋಡಿರಲಿಲ್ಲ.

300 ಕಿಲೋಮೀಟರು, ಒಂದು ಗಂಟೆಯ ದಾರಿ. ಎರಡು ರೆಕ್ಕೆಗಳಲ್ಲೂ ಪಂಖ ತಿರುಗುವ ಚಿಕ್ಕ ವಿಮಾನ, ಮುಂದಿನ ಅರ್ಧದಲ್ಲಿ ಸರಕು, ಹಿಂದಿನ ಅರ್ಧದಲ್ಲಿ ನಾವು. ಕಡಿದಾದ ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿದ ಉದ್ದನೆಯ ಕಣಿವೆಯ ಮೇಲೆ ಬಂದಾಗ ಕೆಳಗೆ ಹಾಲು ಚೆಲ್ಲಿದಂತೆ ಮಂಜು. ವಿಮಾನ ಒಂದು ಸುತ್ತು ಹಾಕಿತು. ಮಂಜಿನ ಬಿರುಕಿನಲ್ಲಿ ನಾಲ್ಕು ಮನೆಯ ಮಾಡುಗಳು ಕಂಡು ಮರೆಯಾದವು. ಇನ್ನೊಂದು ಸುತ್ತು. ಆಮೇಲೆ ಪೈಲಟ್ ಇನುಯಿಟ್ ಜನರ ಭಾಷೆಯಾದ ಇನುಕ್ಟಿಟುಟ್‌ನಲ್ಲಿ ಮತ್ತು ಇಂಗ್ಲಿಷಿನಲ್ಲಿ ಹೇಳಿದ್ದು ಒಂದೇ, ಇಳಿಯಲಾಗದು, ವಾಪಸು ಹೋಗುತ್ತಿದ್ದೇವೆ.

ಯಾರೂ ಗೊಣಗಲಿಲ್ಲ. ಆ ತಾಯಿ ಮಾತ್ರ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಒಂದು ಕಿಲೋಮೀಟರು ಕೆಳಗೆ ಅವಳ ಮನೆಯಿತ್ತು, ಗಂಡ ನಿಲ್ದಾಣದಲ್ಲಿ ವಿಮಾನದ ಸದ್ದು ಕೇಳುತ್ತ ನಿಂತಿದ್ದ.

ನನಗೆ ಚಿಕ್ಕಮ್ಮನ ನೆನಪಾಯಿತು. ನಾನು ಆಗ ಎರಡನೆಯ ತರಗತಿ. ಮಳೆಗಾಲದ ರಾತ್ರಿ ಚಿಕ್ಕಮ್ಮನಿಗೆ ನೋವು ಬಂದು, ಕಂಬಳಿ ಹಾಸಿದ ಗಾಡಿಯಲ್ಲಿ ಕಳಸವಳ್ಳಿಯ ದಡಕ್ಕೆ ತಂದರು. ಲಾಂಚ್ ಆಚೆ ದಡದಲ್ಲಿ ಕಟ್ಟಿತ್ತು. ಅಪ್ಪ ಗ್ಯಾಸ್‌ಲೈಟ್ ಎತ್ತಿ ಹಿಡಿದು ಆಡಿಸುತ್ತ ಕೂಗಿದ್ದೇ ಕೂಗಿದ್ದು. ಆಚೆ ದಡದ ದೀಪಗಳು ನಮಗೆ ಕಾಣುತ್ತಿದ್ದವು. ತಂಗಿ ಹುಟ್ಟಿದ್ದು ಆ ದಡದಲ್ಲಿಯೇ, ಬೆಳಗಿನ ಜಾವ. ಇಬ್ಬರೂ ಉಳಿದರು. ಕಾಣುವ ದೀಪವನ್ನು ತಲುಪಲಾಗದೆ ನಿಂತ ಆ ಸಂಕಟವನ್ನು ನಾನು ಆಮೇಲೆ ಎಲ್ಲಿಯೂ ಕಂಡಿರಲಿಲ್ಲ, ಈ ವಿಮಾನದ ಕಿಟಕಿಯವರೆಗೆ.

ನಾಲ್ಕನೆಯ ದಿನ

ಮರುದಿನ ಮಧ್ಯಾಹ್ನ ಮಂಜು ಬಿಟ್ಟಿತು. ಪ್ಯಾಂಗ್‌ನ ರನ್‌ವೇ ಜಲ್ಲಿಯದು, ಒಂದು ಕಿಲೋಮೀಟರಿಗಿಂತ ಚಿಕ್ಕದು, ಊರಿನ ನಟ್ಟನಡುವೆ ಹಾದುಹೋಗುತ್ತದೆ. ಚಕ್ರ ನೆಲಕ್ಕೆ ತಾಗುವಾಗ ಅಡುಗೆಮನೆಗಳ ಕಿಟಕಿ ಕಂಡವು. ನಿಲ್ದಾಣವೆಂದರೆ ಒಂದು ದೊಡ್ಡ ಕೋಣೆ. ಅರ್ಧ ಊರೇ ಅಲ್ಲಿತ್ತು. ಮಗುವಿನ ಅಪ್ಪ, ಇಪ್ಪತ್ತು ದಾಟಿದ ಹುಡುಗ, ಹೆಂಡತಿಯ ಬೆನ್ನ ಹಿಂದೆ ನಿಂತು ಟೋಪಿಯ ಅಂಚು ಸರಿಸಿ ಒಳಗೆ ಇಣುಕಿದ. ಬಹಳ ಹೊತ್ತು ಹಾಗೆಯೇ ನಿಂತಿದ್ದ. ಜನ ಅವರನ್ನು ಬಳಸಿಕೊಂಡು ಸಾಮಾನು ಎತ್ತಿಕೊಂಡರು.

ಊರಿನಲ್ಲಿ ಸುಮಾರು 1,500 ಜನ. ಆರ್ಕ್ಟಿಕ್ ವೃತ್ತ ಇಲ್ಲಿಂದ ಸ್ವಲ್ಪವೇ ಉತ್ತರಕ್ಕೆ. ರಾತ್ರಿ ಸೂರ್ಯ ಬೆಟ್ಟದ ಹಿಂದೆ ಸರಿದರೂ ಕತ್ತಲಾಗಲಿಲ್ಲ. ಹನ್ನೊಂದು ಗಂಟೆಗೆ ಮಕ್ಕಳು ಬೀದಿಯಲ್ಲಿ ಸೈಕಲ್ ಓಡಿಸುತ್ತಿದ್ದರು. ವಸತಿಗೃಹದಲ್ಲಿ ಇಬ್ಬರು ಜರ್ಮನ್ ಚಾರಣಿಗರು ಬೇಸರದಿಂದ ಕುಳಿತಿದ್ದರು. 'ಎಂದೂ ಕರಗದ ನೆಲ' ಎಂಬ ಅರ್ಥದ ಔಯುಯಿಟ್ಟುಕ್ ರಾಷ್ಟ್ರೀಯ ಉದ್ಯಾನಕ್ಕೆ ಇಲ್ಲಿಂದಲೇ ಹೋಗುವುದು. ಆದರೆ ಈಗ ಕಡಲ ಕಣಿವೆಯ ಮಂಜುಗಡ್ಡೆ ಅರ್ಧ ಒಡೆದಿದೆ. ಹಿಮದ ಬಂಡಿ ಓಡಿಸಲು ತೆಳು, ದೋಣಿ ಬಿಡಲು ದಪ್ಪ. ಚಾರಣದ ಆಸೆಯಿದ್ದವರು ಜುಲೈ ಅರ್ಧ ಕಳೆದ ಮೇಲೆ ಬರುವುದೇ ಸರಿ.

ಐದನೆಯ ದಿನ

ಬೆಳಿಗ್ಗೆ ಬಂಡೆಗಳ ಸಂದಿಯಲ್ಲಿ ಅಂಗೈಯಗಲದ ನೇರಳೆ ಹೂವಿನ ಗೊಂಚಲುಗಳನ್ನು ನೋಡುತ್ತ ನದಿಯವರೆಗೆ ಹೋದೆ. 2008ರ ಜೂನಿನಲ್ಲಿ ಈ ನದಿ ಉಕ್ಕಿ, ಅಡಿಯ ಮಂಜು ಕರಗಿ, ದಡ ಕುಸಿದು, ಸೇತುವೆಗಳು ಹಾಳಾಗಿ ಊರು ಎರಡು ಹೋಳಾಗಿತ್ತು. ಹಿಂತಿರುಗುವಾಗ ಮೊಮ್ಮಗಳು ಎದುರಾಗಿ "ಅಜ್ಜಿ ಕರೆಯುತ್ತಿದ್ದಾರೆ" ಎಂದಳು.

ಅಡುಗೆಮನೆಯ ನೆಲದ ಮೇಲೆ ರಟ್ಟಿನ ಪೆಟ್ಟಿಗೆ ಬಿಡಿಸಿ ಹಾಸಿ, ಅದರ ಮೇಲೆ ಗಟ್ಟಿಯಾಗಿ ಹೆಪ್ಪುಗಟ್ಟಿದ ಚಾರ್ ಮೀನು. ಅಜ್ಜಿ ಅರ್ಧಚಂದ್ರಾಕಾರದ ಉಲು ಚಾಕುವಿನಿಂದ ತೆಳ್ಳಗೆ ಸೀಳಿ ಕೊಟ್ಟರು. ನಾವು ಹಿನ್ನೀರಿನ ಮೀನು ತಿಂದು ಬೆಳೆದವರು, ಆದರೆ ಹಸಿಯಾಗಿ ಎಂದೂ ತಿಂದಿರಲಿಲ್ಲ. ನಾಲಿಗೆಯ ಮೇಲೆ ಮೊದಲು ಬರೀ ತಣ್ಣಗೆ, ಕರಗುತ್ತ ಹೋದಂತೆ ಬೆಣ್ಣೆಯ ಹಾಗೆ ಸಿಹಿ. ಜೊತೆಗೆ ಎಣ್ಣೆಯಲ್ಲಿ ಕರಿದ ಬ್ಯಾನಕ್ ರೊಟ್ಟಿ, ಕಡುಕಪ್ಪು ಚಹಾ. ನನ್ನ ಚಟ್ನಿಪುಡಿ ಕೊಟ್ಟೆ. ಅಜ್ಜಿ ಮೀನನ್ನು ಅದರಲ್ಲಿ ಅದ್ದಿ ತಿಂದು, ಕಣ್ಣಲ್ಲಿ ನೀರು ಬಂದರೂ ಮತ್ತೊಮ್ಮೆ ಅದ್ದಿದರು. ಆರು ವಾರ ಇಂಥ ಮೀನಿಲ್ಲದೆ ನಿದ್ದೆಯೇ ಬರಲಿಲ್ಲವೆಂದರು.

ಆಮೇಲೆ ತಮ್ಮ ತಾಯಿಯ ವಿಷಯ ಹೇಳಿದರು. ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. 1950ರಿಂದ ಪ್ರತಿ ಬೇಸಿಗೆ ಸಿ.ಡಿ. ಹೋವ್ ಎಂಬ ಸರ್ಕಾರಿ ಹಡಗು ಈ ದಡಗಳಿಗೆ ಬರುತ್ತಿತ್ತು. ಹಡಗಿನಲ್ಲಿ ಎಲ್ಲರ ಎದೆಯ ಎಕ್ಸ್‌ರೇ ತೆಗೆಯುತ್ತಿದ್ದರು. ಕ್ಷಯ ಕಂಡರೆ ಎಷ್ಟೋ ಜನರನ್ನು ದಡಕ್ಕೆ ಮರಳಿ ಬಿಡದೆ ಹಾಗೆಯೇ ದಕ್ಷಿಣದ ಆಸ್ಪತ್ರೆಗಳಿಗೆ ಒಯ್ದರು. ಆ ದಶಕದ ಮಧ್ಯಭಾಗದಲ್ಲಿ ಇನುಯಿಟ್ ಜನರಲ್ಲಿ ಏಳಕ್ಕೆ ಒಬ್ಬರು ದಕ್ಷಿಣದ ಕ್ಷಯ ಆಸ್ಪತ್ರೆಗಳಲ್ಲಿದ್ದರು. ಸತ್ತವರನ್ನು ಅಲ್ಲಿಯೇ ಹೂಳಿದರು, ಎಷ್ಟೋ ಮನೆಗಳಿಗೆ ಸುದ್ದಿಯೂ ಬರಲಿಲ್ಲ. 2019ರ ಮಾರ್ಚಿನಲ್ಲಿ ಪ್ರಧಾನಿ ಜಸ್ಟಿನ್ ಟ್ರುಡೊ ಇಕಾಲುಯಿಟ್‌ಗೆ ಬಂದು ಇದಕ್ಕಾಗಿ ಕ್ಷಮೆ ಕೇಳಿದರು.

ತಾಯಿಯನ್ನು ಹಡಗು ಒಯ್ದಾಗ ಅಜ್ಜಿಗೆ ಐದು ವರ್ಷ. ಅನಾನ, ಎಂದರೆ ಅಮ್ಮ, ಸಣ್ಣ ದೋಣಿಯಲ್ಲಿ ಹಡಗಿಗೆ ಹೋದವಳು ಹಡಗಿನ ಅಂಚಿನಿಂದ ಕೈ ಬೀಸಿದ್ದು ನೆನಪಿದೆ. ಮೂರು ವರ್ಷದ ಮೇಲೆ ಗುಣವಾಗಿ ಮರಳಿದಾಗ ಅಜ್ಜಿಯ ತಮ್ಮ ಅವಳ ಗುರುತು ಹಿಡಿಯಲಿಲ್ಲ. "ನಮ್ಮದು ಅದೃಷ್ಟದ ಮನೆ," ಎಂದರು ಅಜ್ಜಿ. "ನಮ್ಮ ಅನಾನ ಬಂದಳು."

ನಾನು ಏನೂ ಹೇಳಲಾಗದೆ ಚಹಾ ಹಿಡಿದು ಕುಳಿತಿದ್ದೆ. ನನ್ನ ಮೇಜಿನ ಮೇಲೆ ಬರುವ ಚೀಟಿಗಳ ಹಿಂದೆ ಎಪ್ಪತ್ತು ವರ್ಷದ ಈ ದಾರಿ ಇದೆ ಎಂಬುದು ನನಗೆ ಗೊತ್ತಿರಬೇಕಿತ್ತು. ನಮ್ಮಲ್ಲಿ ಕೆಲಸಕ್ಕೆ ಸೇರುವವರಿಗೆ ಮೊದಲ ವಾರವೇ ಇದನ್ನು ಹೇಳಬೇಕು.

ಆರನೆಯ ದಿನ

ವಾಪಸು ಹೊರಡುವ ದಿನ. ಈ ಸಲ ಮಂಜಿಲ್ಲ, ಗಾಳಿ. ಕಣಿವೆಯ ಬಾಯಿಯಿಂದ ನುಗ್ಗಿದ ಗಾಳಿಗೆ ವಸತಿಗೃಹದ ಗೋಡೆ ನಡುಗುತ್ತಿತ್ತು. ವಿಮಾನ ರದ್ದು. ಇಲ್ಲಿಗೆ ಬರುವವರು ಹಿಂದೆ ಮುಂದೆ ಎರಡೆರಡು ದಿನ ಕೈಯಲ್ಲಿಟ್ಟುಕೊಂಡೇ ಬರಬೇಕು. ನಾನು ಇಟ್ಟುಕೊಂಡಿದ್ದೆ, ಹಾಗಾಗಿ ನೆಮ್ಮದಿಯಿಂದ ನೇಯ್ಗೆಯ ಮನೆಗೆ ಹೋದೆ. 1970ರಿಂದ ಇಲ್ಲಿನ ಹೆಂಗಸರು ಚಿತ್ರಪಟಗಳನ್ನು ನೇಯುತ್ತಿದ್ದಾರೆ. ಮಗ್ಗದ ಮೇಲೆ ಅರ್ಧ ನೇಯ್ದ ಪಟದಲ್ಲಿ ಡೇರೆ, ನಾಯಿಗಳು, ದೂರ ನೋಡುತ್ತ ನಿಂತ ಹೆಂಗಸು. ಉಣ್ಣೆಯ ಬಣ್ಣಗಳು ಕಿಟಕಿಯಾಚೆಯವೇ, ಬಂಡೆಯ ಕಂದು, ಮಂಜುಗಡ್ಡೆಯ ನೀಲಿ, ಆ ಪುಟ್ಟ ಹೂವಿನ ನೇರಳೆ. ಒಬ್ಬಾಕೆ ಕ್ರೋಶಾದಲ್ಲಿ ಹೆಣೆದ ಪ್ಯಾಂಗ್ ಟೋಪಿ ಮಾರಿದಳು. ಇದನ್ನು ಬರೆಯುವಾಗಲೂ ಅದು ಪಕ್ಕದಲ್ಲಿದೆ.

ಏಳನೆಯ ದಿನ

ಗಾಳಿ ಬೆಳಗಿನ ಜಾವ ಇಳಿಯಿತು. ನಿಲ್ದಾಣಕ್ಕೆ ಅಜ್ಜಿ ಬಂದಿದ್ದರು. ಕೈಯಲ್ಲಿ ಕಾಗದದಲ್ಲಿ ಸುತ್ತಿ ದಾರ ಕಟ್ಟಿದ ಪೊಟ್ಟಣ, ಒಣಗಿಸಿದ ಚಾರ್. ಅಮ್ಮನ ಗುರುತು ಹಿಡಿಯದ ಆ ತಮ್ಮ ಈಗ ಒಟ್ಟಾವಾದಲ್ಲಿದ್ದಾರೆ. ಡಯಾಲಿಸಿಸ್ ಊರಿನಲ್ಲಿ ಸಿಗದ ಕಾರಣ ನಾಲ್ಕು ವರ್ಷದಿಂದ ಅಲ್ಲಿಯೇ. ಪರಿಚಯದವರು ಪೇಟೆಗೆ ಹೊರಟರೆ ಪೊಟ್ಟಣ ಕಳಿಸುವುದು ನಮ್ಮ ಕಡೆಯ ರೂಢಿ. ಲಾಂಚಿನಲ್ಲಿ ಹಲಸಿನ ಹಪ್ಪಳ, ಜೋನಿಬೆಲ್ಲ ಎಷ್ಟು ಒಯ್ದಿಲ್ಲ ನಾನು. ಎರಡೂ ಕೈಯಲ್ಲಿ ತೆಗೆದುಕೊಂಡೆ.

ಮೇಲೇರಿದಾಗ ಊರು ಒಂದು ತಿರುವಿನಲ್ಲಿ ಪೂರ್ತಿಯಾಗಿ ಕಂಡಿತು. ಇಕಾಲುಯಿಟ್‌ನಲ್ಲಿ ವಿಮಾನ ಬದಲಿಸಿ, ಸಂಜೆಯ ಹೊತ್ತಿಗೆ ಮರಗಳು ಮತ್ತೆ ಶುರುವಾದವು. ಒಟ್ಟಾವಾದಲ್ಲಿ ಇಳಿದರೆ 31 ಡಿಗ್ರಿ.

ಮನೆಗೆ ಹೋಗುವ ಮೊದಲೇ ಪೊಟ್ಟಣ ತಲುಪಿಸಲು ಹೋದೆ. ತೆಳ್ಳಗಿನ ಮನುಷ್ಯ, ಫ್ಯಾನಿನ ಎದುರು ಕುಳಿತಿದ್ದರು. ದಾರವನ್ನು ಕತ್ತರಿಸದೆ ಗಂಟು ಬಿಚ್ಚಿ, ಕಾಗದ ತೆರೆದು ಮೊದಲು ಮೂಸಿದರು. ವೈದ್ಯರು ಅಳತೆ ಹಾಕಿಕೊಟ್ಟಿದ್ದಾರೆ ಎಂದು ಉಗುರಿನಷ್ಟು ಮುರಿದು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು.

"ಕಡಲಿನ ಮಂಜುಗಡ್ಡೆ ಹೋಯಿತೇ?" ಎಂದು ಕೇಳಿದರು.

"ಇನ್ನೂ ಅರ್ಧ ಇದೆ" ಎಂದೆ.

"ಯಾವ ಕಡೆಯ ಅರ್ಧ?"

ನಾನು ಮೇಜಿನ ಮೇಲಿನ ಕಾಗದದಲ್ಲಿ ಕಣಿವೆಯ ಗೆರೆ ಎಳೆದು, ರನ್‌ವೇ ಎಲ್ಲಿ, ನದಿ ಎಲ್ಲಿ ಎಂದು ಗುರುತು ಮಾಡಿ, ಮಂಜುಗಡ್ಡೆ ನಿಂತಿದ್ದ ಜಾಗವನ್ನು ತೋರಿಸತೊಡಗಿದೆ. ಅವರು ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ನದಿಯನ್ನು ಸರಿಯಾದ ಜಾಗಕ್ಕೆ ತಂದರು.